ಪೆಡಲ್ ವಾಷಿಂಗ್ ಮೆಷಿನ್: ಐದನೇ ವಾರ

ಡ್ರಮ್ ಈ ವಾರ ಮೊದಲ ಸಲ ಬಟ್ಟೆ ತುಂಬಿಕೊಂಡು ತಿರುಗಿತು. ಆದರೆ ಕೊಳೆ ಹೋಗಲಿಲ್ಲ.

ಮೂಲ ಯೋಚನೆ ನನ್ನದಲ್ಲ, ಕೇರಳದ ಮಲಪ್ಪುರಂ ಜಿಲ್ಲೆಯ ರೆಮ್ಯಾ ಜೋಸ್ ಅವರದು. ಅಮ್ಮ ಹುಷಾರು ತಪ್ಪಿ, ಮನೆಯ ಬಟ್ಟೆಯೆಲ್ಲ ತಾವೇ ಒಗೆಯಬೇಕಾಗಿ ಬಂದಾಗ ಅವರಿನ್ನೂ ಶಾಲೆಯಲ್ಲಿದ್ದರು. ಕರೆಂಟ್ ಬೇಡದ, ಸೈಕಲ್ ಪೆಡಲ್ ತುಳಿದರೆ ತಿರುಗುವ ಮೆಷಿನ್ ಯೋಚಿಸಿ, ಚಿತ್ರ ಬರೆದು, ವರ್ಕ್‌ಶಾಪ್‌ನಲ್ಲಿ ಮಾಡಿಸಿದರು. ಕೈ ನೋಯಿಸಿಕೊಂಡವಳೇ ಹುಟ್ಟಿಸಿದ ಯಂತ್ರ. ಅದಕ್ಕೇ ನನಗಿದು ಇಷ್ಟ.

ಈಗ ನನ್ನ ತಪ್ಪಿನ ವಿಷಯ. ಡ್ರಮ್ 40 ಸೆಂ.ಮೀ. ಅಗಲ. ಪೆಡಲ್ ಕಡೆ 44 ಹಲ್ಲಿನ ಚಕ್ರ, ಡ್ರಮ್ ಕಡೆ 18 ಹಲ್ಲಿನ ಫ್ರೀವೀಲ್ (ಸೈಕಲ್‌ನ ಹಿಂದಿನ ಗಾಲಿಯ ಹಲ್ಲಿನ ಚಕ್ರ). ನಿಮಿಷಕ್ಕೆ 60 ಸುತ್ತು ಪೆಡಲ್ ತುಳಿದರೆ ಡ್ರಮ್ ಸುಮಾರು 147 ಸುತ್ತು ಹಾಕುತ್ತದೆ. ಇಷ್ಟು ಅಗಲಕ್ಕೆ 67 ಸುತ್ತು ದಾಟಿದರೆ ಬಟ್ಟೆ ಮೇಲಿಂದ ಬೀಳೋದೇ ಇಲ್ಲ, ಗೋಡೆಗೆ ಅಂಟಿಕೊಂಡೇ ಸುತ್ತುತ್ತದೆ. ಬಿದ್ದು ಬಡಿದರೆ ತಾನೇ ಕೊಳೆ ಬಿಡೋದು? ಒಗೆಯೋ ಕಲ್ಲಿನ ಮೇಲೆ ಅಮ್ಮ ಮಾಡೋದೂ ಅದನ್ನೇ ಅಲ್ವಾ.

ಗುಜರಿಯಿಂದ ಇನ್ನೊಂದು 44 ಹಲ್ಲಿನ ಚಕ್ರ ತಂದು ಅದೇ ಶಾಫ್ಟ್‌ಗೆ ವೆಲ್ಡ್ ಮಾಡಿಸಿದೆ. ಒಗೆಯುವಾಗ ಚೈನ್ ಅದರ ಮೇಲೆ, ಆಗ ಪೆಡಲ್ ಒಂದು ಸುತ್ತಿಗೆ ಡ್ರಮ್ಮೂ ಒಂದೇ ಸುತ್ತು. ಹಿಂಡುವಾಗ 18ರ ಮೇಲೆ. ಚೈನ್ ಸಡಿಲವಾಗದಂತೆ ಗೇರ್ ಸೈಕಲ್‌ನ ಹಳೇ ಡಿರೈಲರ್ (ಗೇರ್ ಬದಲಿಸುವಾಗ ಚೈನ್ ಎಳೆದು ಹಿಡಿಯುವ ಭಾಗ) ಹಾಕಿದೆ.

ಗುರುವಾರ ಎರಡು ಬೆಡ್‌ಶೀಟ್, ತಮ್ಮನ ಕ್ರಿಕೆಟ್ ಪ್ಯಾಂಟು ಹಾಕಿ, ನೆನೆಸಿ, ಹತ್ತು ನಿಮಿಷ ನಿಧಾನಕ್ಕೆ ತುಳಿದೆ. ಒಳಗೆ ದಪ್ ದಪ್ ಅಂತ ಬಟ್ಟೆ ಬೀಳುವ ಸದ್ದು! ಮಂಡಿಯ ಹತ್ತಿರದ ಕೆಮ್ಮಣ್ಣು ಸ್ವಲ್ಪ ಉಳಿಯಿತು, ಮಿಕ್ಕಿದ್ದೆಲ್ಲ ಹೋಯಿತು. ಆಮೇಲೆ ಜೋರಾಗಿ ತುಳಿದಾಗ ತೂತುಗಳಿಂದ ನೀರು ಸರ್ರನೆ ಚಿಮ್ಮಿತು. ಅಮ್ಮ ಬೆಡ್‌ಶೀಟ್ ಮುಟ್ಟಿ ನೋಡಿ, ಹಿಂಡದೆ ಹಾಗೇ ತಂತಿಗೆ ಹಾಕಿದರು. ಅವರ ಮಣಿಕಟ್ಟು ನೋವು ಶುರುವಾಗಿದ್ದೇ ಬೆಡ್‌ಶೀಟ್ ಹಿಂಡಿ ಹಿಂಡಿ.

ಆದರೆ ತುಳಿಯೋರು ಯಾರು? ಕೇಂದ್ರ ಸರ್ಕಾರದ 2019ರ ಸಮಯ ಬಳಕೆ ಸಮೀಕ್ಷೆ ಪ್ರಕಾರ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಿದ್ದರು, ಮಾಡುವ ಗಂಡಸರು 97. ಅಮ್ಮನೇ ತುಳಿಯೋದಾದರೆ ನೋವು ಕೈಯಿಂದ ಮಂಡಿಗೆ ಇಳಿದ ಹಾಗೆ, ಅಷ್ಟೇ. ಹಾಗಾಗಿ ಸೀಟು ಮೇಲೆ ಕೆಳಗೆ ಆಗುವಂತೆ ಮಾಡಿ, ಕಂಬಿಗೆ ನಾಲ್ಕು ಗೀಟು ಹಾಕಿದ್ದೇನೆ: ಅಮ್ಮ, ನಾನು, ತಮ್ಮ, ಅಪ್ಪ.

ಭಾನುವಾರ ಅಪ್ಪ ಕೂತರು. ಪಂಚೆ ಅಂಚು ಚೈನ್‌ಗೆ ಸಿಕ್ಕಿಕೊಳ್ಳುವುದರಲ್ಲಿತ್ತು. ಸೀರೆಗೂ ಅದೇ ಅಪಾಯ. ಮುಂದಿನ ವಾರ ಮೊದಲು ಚೈನ್ ಕವರ್, ಆಮೇಲೆ ನೀರು ಬಿಡುವ ಪೈಪು.