ಸಕ್ಕರೆ ಪುಡಿಯ ಲೆಕ್ಕಕ್ಕೆ ಸಿಗದ ನುಸಿ

ಪುತ್ತೂರಿನ ಕಡೆ 8 ವರ್ಷ ತುಡುವೆ ಜೇನಿನ ಪೆಟ್ಟಿಗೆಗಳನ್ನು ನೋಡಿಕೊಂಡ ಬಳಿಕ, ಬಯಲುಸೀಮೆಯ ಸೂರ್ಯಕಾಂತಿ ಹೊಲಗಳ ನಡುವೆ ಇರಿಸಿದ್ದ 120 ಮೆಲ್ಲಿಫೆರಾ (ಯುರೋಪಿನ ಜೇನು) ಪೆಟ್ಟಿಗೆಗಳ ಉಸ್ತುವಾರಿ ನನಗೆ ಬಂದಿತು. ತುಡುವೆಯಲ್ಲಿ ನುಸಿಗಾಗಿ ನಾನು ತಲೆ ಕೆಡಿಸಿಕೊಂಡದ್ದೇ ಇಲ್ಲ. ಜೇನ್ನೊಣಗಳನ್ನು ಕಾಡುವ ವರೋವಾ ಎಂಬ ಪರೋಪಜೀವಿ ನುಸಿಗೆ ತುಡುವೆಯೇ ಮೂಲ ಆಶ್ರಯವಾದರೂ, ಅಲ್ಲಿ ಅದು ಬಹುಮಟ್ಟಿಗೆ ಗಂಡುಮರಿಗಳ ಕೋಶಗಳಲ್ಲಷ್ಟೇ ಸಂತಾನ ಬೆಳೆಸುತ್ತದೆ. ಮೈಮೇಲೆ ಹತ್ತಿದ ನುಸಿಯನ್ನು ನೊಣಗಳು ಕಚ್ಚಿ ಕೆಡವುವುದೂ ಉಂಟು. 1962ರಿಂದೀಚೆಗೆ ನಮ್ಮ ದೇಶದಲ್ಲಿ ನೆಲೆಗೊಂಡ ಮೆಲ್ಲಿಫೆರಾಕ್ಕೆ ಆ ಹಳೆಯ ಪಳಗಿಕೆ ಇಲ್ಲ.

ಹೊಸ ಕೆಲಸದಲ್ಲಿ ತಿಂಗಳಿಗೊಮ್ಮೆ ನುಸಿ ಎಣಿಸುವ ನಿಯಮವಿತ್ತು. ಅರ್ಧ ಲೋಟದಷ್ಟು, ಎಂದರೆ ಸುಮಾರು 300 ನೊಣಗಳನ್ನು ಜಾಲರಿ ಮುಚ್ಚಳದ ಡಬ್ಬಿಗೆ ಹಾಕಿ, ಸಕ್ಕರೆ ಪುಡಿ ಉದುರಿಸಿ, ಹೊರಳಾಡಿಸಿ, ಕೆಳಗೆ ಬಿದ್ದ ನುಸಿಗಳನ್ನು ಎಣಿಸುವುದು. ಯಾವ ಪೆಟ್ಟಿಗೆಯಲ್ಲೂ ಎರಡಕ್ಕಿಂತ ಹೆಚ್ಚು ಸಿಗದ ಕಾರಣ 'ತೊಂದರೆಯಿಲ್ಲ' ಎಂದು ಪುಸ್ತಕದಲ್ಲಿ ಬರೆದೆ. ಎರಡು ವಾರ ಕಳೆಯುವಷ್ಟರಲ್ಲಿ ರೆಕ್ಕೆ ಸುಕ್ಕುಗಟ್ಟಿದ ಎಳೆಯ ನೊಣಗಳು ಬಾಗಿಲ ಮುಂದೆ ತೆವಳತೊಡಗಿದವು. ಪಕ್ಕದ ಹೊಲದವರು ಕೀಟನಾಶಕ ಹೊಡೆದದ್ದೇ ಕಾರಣವೆಂದು ತೀರ್ಮಾನಿಸಿ ಅವರೊಡನೆ ವಾದಕ್ಕೂ ಇಳಿದೆ. ಅದು ಈಗಲೂ ನಾಚಿಕೆ ತರುವ ಸಂಗತಿ, ಏಕೆಂದರೆ ಅದುವರೆಗೆ ಮರಿಗಳು ಬೆಳೆಯುವ ಸಂಸಾರ ಕೋಣೆಯ ಎರಿಗಳನ್ನು ನಾನು ಸರಿಯಾಗಿ ನೋಡಿಯೇ ಇರಲಿಲ್ಲ.

ನಮ್ಮ ಹಿರಿಯ ಕೆಲಸಗಾರರೊಬ್ಬರು ಬಂದು, ಮುಚ್ಚಿದ ಕೋಶಗಳನ್ನು ಚಿಮಟದಿಂದ ಬಿಡಿಸಿ, ಚೌಕಟ್ಟನ್ನು ಬಿಳಿ ತಟ್ಟೆಯ ಮೇಲೆ ಬಲವಾಗಿ ಕುಟ್ಟಿದರು. ಕಂದುಗೆಂಪು ಬಣ್ಣದ, ಒಂದು ಮಿಲಿಮೀಟರಿನಷ್ಟು ಉದ್ದದ ಸಪೂರ ಜೀವಿಗಳು ಚುರುಕಾಗಿ ಓಡಾಡಿದವು. ವರೋವಾ ಏಡಿಯಂತೆ ಅಡ್ಡಕ್ಕೆ ಅಗಲ. ಇದು ಉದ್ದಕ್ಕೆ ನೀಳ. ಹೆಸರು ಟ್ರೋಪಿಲೇಲಾಪ್ಸ್, ಮೂಲ ಆಶ್ರಯ ಹೆಜ್ಜೇನು. ಊರಿನ ನೀರಿನ ಟ್ಯಾಂಕಿಗೆ ಸಾಲಾಗಿ ಜೋತುಬಿದ್ದಿದ್ದ ಹೆಜ್ಜೇನು ಗೂಡುಗಳನ್ನು ನಾನು ದಿನವೂ ಮೆಚ್ಚಿಕೊಂಡು ನೋಡುತ್ತಿದ್ದೆನಲ್ಲ!

ಈ ನುಸಿಯ ಆಹಾರ ಮರಿಗಳು. ಬೆಳೆದ ನೊಣದ ಮೈಮೇಲೆ ಅದು ಇರುವುದು ಒಂದೆರಡು ದಿನ ಮಾತ್ರ, ಅದೂ ಮುಂದಿನ ಕೋಶ ಸೇರುವವರೆಗೆ. ಆದ್ದರಿಂದ ಬೆಳೆದ ನೊಣಗಳಿಗೆ ಸಕ್ಕರೆ ಹಚ್ಚಿ ಎಣಿಸಿದ ನನ್ನ ಲೆಕ್ಕ ವರೋವಾಕ್ಕೆ ಸರಿಯಾಗಿದ್ದರೂ ಇದಕ್ಕೆ ಉಪಯೋಗಕ್ಕೆ ಬರುವಂಥದ್ದಾಗಿರಲಿಲ್ಲ.

ಪರಿಹಾರವೂ ಅದೇ ಸ್ವಭಾವದಲ್ಲಿತ್ತು. ಬಿಸಿಲು ಜೋರಾಗಿದ್ದಾಗ ಫಾರ್ಮಿಕ್ ಆಮ್ಲ ಬಳಸಿದರೆ ರಾಣಿಯೇ ಸಾಯುವ ಭಯವಿದ್ದುದರಿಂದ, ಸೋಂಕು ಕಂಡ 34 ಪೆಟ್ಟಿಗೆಗಳಲ್ಲಿ ಗಂಡುಮರಿಗಳ ಎರಿಯನ್ನು ಕತ್ತರಿಸಿ ತೆಗೆದು, ರಾಣಿಯನ್ನು ಮೊಟ್ಟೆ ಇಡದಂತೆ 21 ದಿನ ಪಂಜರದಲ್ಲಿಟ್ಟೆವು. ಕೆಲಸಗಾರ ನೊಣ ಮೊಟ್ಟೆಯಿಂದ ಹೊರಬರಲು ಅಷ್ಟೇ ದಿನ ಬೇಕು. ಕೊನೆಯ ಮರಿಯೂ ಹೊರಬಂದ ಮೇಲೆ, ರಾಣಿ ಇಟ್ಟ ಹೊಸ ಮೊಟ್ಟೆ ಒಡೆಯಲು ಇನ್ನೂ ಮೂರು ದಿನ ಹಿಡಿಯುವುದರಿಂದ, ನುಸಿಗೆ ತಿನ್ನಲು ಏನೂ ಉಳಿಯುವುದಿಲ್ಲ. ಹೂವಿನ ಕಾಲದಲ್ಲೇ ಕುಟುಂಬಗಳು ಸೊರಗಿದ್ದರಿಂದ ಜೇನು ಕಡಿಮೆಯಾಯಿತು, ಮಾಲೀಕರು ಗೊಣಗಿದರು. ಆ ಗೊಣಗಾಟದಲ್ಲಿ ನ್ಯಾಯವಿತ್ತು.

ಪಕ್ಕದ ಹೊಲದವರ ಮನೆಗೆ ಹೋಗಿ ತಪ್ಪೊಪ್ಪಿಕೊಂಡೆ. ಈಗ ನನ್ನ ಪುಸ್ತಕದಲ್ಲಿ ಸಕ್ಕರೆ ಲೆಕ್ಕದ ಪಕ್ಕದಲ್ಲಿ ಇನ್ನೊಂದು ಅಂಕಣವಿದೆ: ಬಿಡಿಸಿ ನೋಡಿದ ಕೋಶ 100, ಅದರಲ್ಲಿ ಓಡಾಡಿದ ನುಸಿ ಇಷ್ಟು.