ಸಂಪು, ತೊಟ್ಟಿ, ಮೋಟರ್: ಮನೆಯ ನೀರಿಗೊಂದು ಜಾಲ, ಇಲ್ಲಿಯವರೆಗಿನ ಕೆಲಸ

ಬೆಂಗಳೂರಿನ ನಮ್ಮ ಮನೆಗೆ ಕಾವೇರಿ ನೀರು ದಿನ ಬಿಟ್ಟು ದಿನ, ಅದೂ ಕೆಲವೇ ಗಂಟೆ ಬರುತ್ತದೆ. ಬಂದ ನೀರು ನೆಲದಡಿಯ ಸಂಪಿಗೆ ಇಳಿಯುತ್ತದೆ. ಅಲ್ಲಿಂದ ಒಂದು ಎಚ್‌ಪಿ ಮೋಟರ್ ಅದನ್ನು ತಾರಸಿಯ ಮೇಲಿನ ಸಾವಿರ ಲೀಟರಿನ ತೊಟ್ಟಿಗೆ ಏರಿಸುತ್ತದೆ. ಈ ಮೂರನ್ನೂ ಮನೆಯೊಳಗಿನ ಜಾಲಕ್ಕೆ ಜೋಡಿಸಿ, ತೊಟ್ಟಿ ತುಂಬಿ ಹರಿಯದಂತೆಯೂ ಸಂಪು ಬರಿದಾದಾಗ ಮೋಟರ್ ನೀರಿಲ್ಲದೆ ಓಡದಂತೆಯೂ ನೋಡಿಕೊಳ್ಳುವ ವ್ಯವಸ್ಥೆಯೊಂದನ್ನು ನಾನು ಕಟ್ಟುತ್ತಿದ್ದೇನೆ. 2024ರ ಮಾರ್ಚ್‌ನಲ್ಲಿ ಊರಿಡೀ ನೀರಿಗೆ ಪರದಾಡಿ, ವಾಹನ ತೊಳೆಯಲು ಮತ್ತು ಕೈತೋಟಕ್ಕೆ ಕುಡಿಯುವ ನೀರು ಬಳಸಿದರೆ 5,000 ರೂಪಾಯಿ ದಂಡವೆಂದು ಜಲಮಂಡಳಿ ಆದೇಶ ಹೊರಡಿಸಿದ ದಿನಗಳಲ್ಲಿ, ತುಂಬಿದ ತೊಟ್ಟಿಯಿಂದ ಚರಂಡಿಗೆ ಹರಿದು ಹೋಗುವ ನೀರನ್ನು ಸುಮ್ಮನೆ ನೋಡಿಕೊಂಡಿರುವುದು ನನ್ನಿಂದ ಆಗಲಿಲ್ಲ. ಕೆಲಸ ಶುರುವಾದದ್ದು ಅಲ್ಲಿಂದ.

ಮಾರುಕಟ್ಟೆಯಲ್ಲಿ ಸಿದ್ಧ ಸಾಧನಗಳು ಬೇಕಾದಷ್ಟಿವೆ. ಅವುಗಳಲ್ಲಿ ಹಲವು ಮೊಬೈಲ್ ಆ್ಯಪ್ ಮೂಲಕ ಮಾತ್ರ ಮಾತನಾಡುತ್ತವೆ, ಮತ್ತು ಆ ಮಾತು ದೂರದ ಯಾವುದೋ ಸರ್ವರ್‌ಗೆ ಹೋಗಿ ಮರಳಿ ಬರಬೇಕು. ನಮ್ಮ ಮನೆಯ ಮೋಟರ್ ನಿಲ್ಲಬೇಕೇ ಬೇಡವೇ ಎಂಬ ಪ್ರಶ್ನೆಗೆ ಮನೆಯ ಹೊರಗಿನಿಂದ ಉತ್ತರ ಬರಬೇಕೆಂಬುದನ್ನು ನಾನು ಒಪ್ಪುವುದಿಲ್ಲ. 2016ರ ಮೇ ತಿಂಗಳಲ್ಲಿ ಅಮೆರಿಕದಲ್ಲಿ ನೆಸ್ಟ್ ಕಂಪನಿಯು ತಾನು ಕೊಂಡಿದ್ದ ರಿವಾಲ್ವ್ ಎಂಬ ಗೃಹ ನಿಯಂತ್ರಣ ಪೆಟ್ಟಿಗೆಯ ಸರ್ವರ್‌ಗಳನ್ನು ಮುಚ್ಚಿದಾಗ, ಜನ ಹಣ ಕೊಟ್ಟು ಕೊಂಡ ಪೆಟ್ಟಿಗೆಗಳು ಕೆಟ್ಟಿರದಿದ್ದರೂ ನಿಷ್ಪ್ರಯೋಜಕವಾದವು. 2022ರ ಏಪ್ರಿಲ್‌ನಲ್ಲಿ ಅಂಥದೇ ಗೃಹ ನಿಯಂತ್ರಣ ಸಾಧನಗಳನ್ನು ಮಾರುತ್ತಿದ್ದ ಇನ್‌ಸ್ಟಿಯಾನ್ ಕಂಪನಿಯ ಸರ್ವರ್‌ಗಳು ಮುನ್ಸೂಚನೆಯಿಲ್ಲದೆ ನಿಂತಾಗಲೂ ಸಾವಿರಾರು ಮನೆಗಳು ಇದನ್ನೇ ಅನುಭವಿಸಿದವು. ಆದ್ದರಿಂದ ನನ್ನ ವಿನ್ಯಾಸ ಒಂದು ಪ್ರಶ್ನೆಯ ಸುತ್ತ ಬೆಳೆದಿದೆ: ಇಂಟರ್‌ನೆಟ್ ಹೋದರೆ ಏನಾಗುತ್ತದೆ, ರೌಟರ್ ಕೆಟ್ಟರೆ ಏನಾಗುತ್ತದೆ, ಮನೆಯಲ್ಲೇ ಇಟ್ಟ ಸರ್ವರ್ ಗಣಕ ನಿಂತರೆ ಏನಾಗುತ್ತದೆ, ಕೊನೆಗೆ ಮೋಟರಿನ ಪಕ್ಕದ ಎಲೆಕ್ಟ್ರಾನಿಕ್ ಚಿಪ್ಪೇ ಸುಟ್ಟುಹೋದರೆ ಏನಾಗುತ್ತದೆ? ಈ ನಾಲ್ಕೂ ಸಂದರ್ಭಗಳಲ್ಲಿ ತೊಟ್ಟಿ ತುಂಬಿದೊಡನೆ ಮೋಟರ್ ನಿಲ್ಲಬೇಕು.

ಮಾರ್ಚ್: ಅಳೆಯುವುದು ಮಾತ್ರ

ಮೊದಲ ಹಂತದಲ್ಲಿ ನಿಯಂತ್ರಣವನ್ನು ಬೇಕೆಂದೇ ಕೈಬಿಟ್ಟು, ತೊಟ್ಟಿಯಲ್ಲಿ ಎಷ್ಟು ನೀರಿದೆ ಎಂದು ಅಡುಗೆಮನೆಯಲ್ಲಿ ತೋರಿಸುವುದಷ್ಟನ್ನೇ ಮಾಡಿದೆ. ಜಾಲಕ್ಕೆ ಸೇರಿದ ಉಪಕರಣಗಳ ಚರಿತ್ರೆಯಲ್ಲಿ ನನಗೆ ಬಲು ಇಷ್ಟವಾದದ್ದು 1990ರ ಇಂಟರಾಪ್ ಪ್ರದರ್ಶನದಲ್ಲಿ ಜಾನ್ ರೋಮ್ಕಿ ಇಂಟರ್‌ನೆಟ್ ಮೂಲಕ ಹೊತ್ತಿಸಿ ಆರಿಸಿದ ಟೋಸ್ಟರ್ ಅಲ್ಲ. ಅದಕ್ಕೆ ಬ್ರೆಡ್ಡನ್ನು ಕೈಯಿಂದಲೇ ಹಾಕಬೇಕಿತ್ತು. ಅದಕ್ಕಿಂತ 1991ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯದ ಗಣಕ ಪ್ರಯೋಗಾಲಯದವರು ಕಾಫಿ ಪಾತ್ರೆಯ ಮುಂದೆ ಇಟ್ಟ ಕ್ಯಾಮೆರಾ ನನಗೆ ದೊಡ್ಡದಾಗಿ ಕಾಣುತ್ತದೆ. ಕಾಫಿ ಉಳಿದಿದೆಯೇ ಎಂದು ಕುಳಿತಲ್ಲೇ ತಿಳಿದರೆ ಮಹಡಿ ಹತ್ತಿ ಇಳಿಯುವ ಶ್ರಮ ತಪ್ಪುತ್ತದೆ. ತೊಟ್ಟಿಯ ಮುಚ್ಚಳ ತೆಗೆದು ನೋಡಲು ತಾರಸಿಗೆ ಹತ್ತುವ ಮನೆಯವರಿಗೂ ಬೇಕಾದದ್ದು ಅದೇ.

ತೊಟ್ಟಿಯ ಮುಚ್ಚಳದ ಒಳಬದಿಗೆ ನೀರು ತಾಗಿದರೂ ಕೆಡದ ಜೆಎಸ್‌ಎನ್-ಎಸ್‌ಆರ್04ಟಿ ಅಲ್ಟ್ರಾಸಾನಿಕ್ ಸೆನ್ಸರ್ ಕೂರಿಸಿ, ಅದನ್ನು ಇಎಸ್‌ಪಿ32 ಎಂಬ, ವೈಫೈ ಇರುವ ಪುಟ್ಟ ಗಣಕ ಬೋರ್ಡಿಗೆ ಜೋಡಿಸಿದ್ದೇನೆ. ಸೆನ್ಸರ್ ಶಬ್ದದ ಅಲೆಯೊಂದನ್ನು ಕೆಳಗೆ ಕಳಿಸಿ, ಅದು ನೀರಿನ ಮೇಲ್ಮೈಗೆ ತಾಗಿ ಮರಳುವ ಹೊತ್ತನ್ನು ಅಳೆಯುತ್ತದೆ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 343 ಮೀಟರ್. ಪ್ರತಿ ಡಿಗ್ರಿಗೆ ಅದು ಸುಮಾರು 0.6 ಮೀಟರ್ ಹೆಚ್ಚುತ್ತದೆ. ನಸುಕಿನಲ್ಲಿ 18 ಡಿಗ್ರಿ ಇರುವ ತೊಟ್ಟಿಯೊಳಗಿನ ಗಾಳಿ ಬಿರುಬಿಸಿಲಿನಲ್ಲಿ 40 ಡಿಗ್ರಿ ಮುಟ್ಟಿದರೆ, ವೇಗ ಶೇಕಡಾ 4ರ ಹತ್ತಿರ ಬದಲಾಗುತ್ತದೆ. ನೀರು ಒಂದು ಮೀಟರ್ ಕೆಳಗಿರುವಾಗ ಇದು 4 ಸೆಂಟಿಮೀಟರ್ ವ್ಯತ್ಯಾಸ. ತೊಟ್ಟಿಯ ಒಳವ್ಯಾಸ 1.1 ಮೀಟರ್ ಇರುವುದರಿಂದ ಒಂದು ಸೆಂಟಿಮೀಟರ್ ಎಂದರೆ ಒಂಬತ್ತೂವರೆ ಲೀಟರ್. ಅಂದರೆ ಯಾರೂ ನಲ್ಲಿ ಮುಟ್ಟದಿದ್ದರೂ ಬೆಳಗಿನಿಂದ ಮಧ್ಯಾಹ್ನದೊಳಗೆ ನೀರಿನ ಲೆಕ್ಕ ಸುಮಾರು 40 ಲೀಟರ್ ಸರಿದುಬಿಡುತ್ತದೆ. ಸೆನ್ಸರಿನ ಪಕ್ಕದಲ್ಲೇ ಡಿಎಸ್18ಬಿ20 ಉಷ್ಣಮಾಪಕವನ್ನಿಟ್ಟು, ಪ್ರತಿ ಅಳತೆಗೂ ಆ ಕ್ಷಣದ ಉಷ್ಣತೆಗೆ ತಕ್ಕ ವೇಗವನ್ನೇ ಬಳಸುವಂತೆ ಮಾಡಿದ ಮೇಲೆ ಗ್ರಾಫಿನ ಹಗಲಿನ ಏರಿಳಿತ ಬಹುಪಾಲು ಅಡಗಿತು.

ಮೇಲಿನಿಂದ ನೀರು ಸುರಿಯುವಾಗ ಏಳುವ ಅಲೆ ಮತ್ತು ನೊರೆಯಿಂದ ಅಳತೆ ಆಗಾಗ ಜಿಗಿಯುತ್ತದೆ. ಐದು ಅಳತೆಗಳನ್ನು ತೆಗೆದು, ಏರಿಕೆಯ ಕ್ರಮದಲ್ಲಿಟ್ಟು, ನಡುವಿನದನ್ನು ಮಾತ್ರ ಸ್ವೀಕರಿಸುವುದು ಇದಕ್ಕೆ ಸಾಕಾಯಿತು. ಸರಾಸರಿ ತೆಗೆದರೆ ಒಂದು ಹುಚ್ಚು ಅಳತೆ ಉಳಿದ ನಾಲ್ಕನ್ನೂ ಕೆಡಿಸುತ್ತದೆ. ನಡುವಿನದನ್ನು ಆರಿಸಿದರೆ ಆ ಒಂದು ತಾನಾಗಿ ಹೊರಗುಳಿಯುತ್ತದೆ.

ಏಪ್ರಿಲ್: ಮೋಟರಿನ ಕಡೆ

ಈ ಸೆನ್ಸರಿಗೆ ಹುಟ್ಟಿನಿಂದಲೇ ಒಂದು ಮಿತಿಯಿದೆ: ತನ್ನ ಮುಖದಿಂದ 20 ಸೆಂಟಿಮೀಟರಿಗಿಂತ ಹತ್ತಿರವಿರುವುದನ್ನು ಅದು ಸರಿಯಾಗಿ ಕಾಣಲಾರದು. ತೊಟ್ಟಿ ತುಂಬುವ ಕೊನೆಯ ಹಂತದಲ್ಲೇ, ಅಂದರೆ ಮೋಟರ್ ನಿಲ್ಲಿಸಲೇಬೇಕಾದ ಹೊತ್ತಿನಲ್ಲೇ, ಅದರ ಮಾತನ್ನು ನಂಬುವಂತಿಲ್ಲ. ಹೀಗಾಗಿ ಕೊನೆಯ ನಿರ್ಧಾರವನ್ನು ಯಾವ ಪ್ರೋಗ್ರಾಮಿಗೂ ಒಪ್ಪಿಸದೆ, ತೊಟ್ಟಿಯ ಮೇಲ್ಮಟ್ಟದಲ್ಲಿ ತೇಲುವ ಫ್ಲೋಟ್ ಸ್ವಿಚ್ಚೊಂದಕ್ಕೆ ಒಪ್ಪಿಸಿದ್ದೇನೆ. ಒದ್ದೆಯಾಗುವ ಜಾಗಕ್ಕೆ 230 ವೋಲ್ಟ್ ಕೊಂಡೊಯ್ಯುವುದು ಅಪಾಯವಾದ್ದರಿಂದ ಫ್ಲೋಟ್ ಸ್ವಿಚ್ಚಿನಲ್ಲಿ 12 ವೋಲ್ಟ್ ಡಿಸಿ ಮಾತ್ರ ಹರಿಯುತ್ತದೆ. ಅದು ಕೆಳಗಿನ ಸಣ್ಣ ರಿಲೇಯೊಂದನ್ನು, ಅಂದರೆ ವಿದ್ಯುತ್ತಿನಿಂದಲೇ ಆಡುವ ಸ್ವಿಚ್ಚೊಂದನ್ನು, ಹಿಡಿದಿಟ್ಟಿರುತ್ತದೆ. ಆ ರಿಲೇಯ ಸಂಪರ್ಕ, ಮೋಟರ್ ಚಾಲೂ ಮಾಡುವ ಕಾಂಟ್ಯಾಕ್ಟರ್ ಎಂಬ ದೊಡ್ಡ ರಿಲೇಯನ್ನು ಎಳೆದು ಹಿಡಿಯುವ ತಂತಿಸುರುಳಿಯೊಂದಿಗೆ (ಕಾಯಿಲ್) ಸರಣಿಯಲ್ಲಿದೆ, ಅಂದರೆ ಒಂದೇ ದಾರಿಯಲ್ಲಿ ಒಂದರ ಹಿಂದೊಂದಾಗಿದೆ. ನೀರು ಮೇಲ್ಮಟ್ಟ ಮುಟ್ಟಿದರೂ ಸರಿ, ತಾರಸಿಯ ತಂತಿಯನ್ನು ಇಲಿ ಕಡಿದರೂ ಸರಿ, ಕಾಯಿಲ್‌ಗೆ ವಿದ್ಯುತ್ ತಪ್ಪಿ ಮೋಟರ್ ನಿಲ್ಲುತ್ತದೆ. ಇಡೀ ಯೋಜನೆಯಲ್ಲಿ ನಾನು ಬಹಳವಾಗಿ ನಂಬಿರುವುದು ಚಿಪ್ಪೇ ಇಲ್ಲದ ಈ ಭಾಗವನ್ನು.

ಇಎಸ್‌ಪಿ32ರ ಜೊತೆ ಸಾಮಾನ್ಯವಾಗಿ ಸಿಗುವ 10 ಆಂಪಿಯರಿನ ನೀಲಿ ರಿಲೇ ಬೋರ್ಡಿಗೆ ಮೋಟರನ್ನು ನೇರವಾಗಿ ಜೋಡಿಸಬಾರದೆಂದು ಒತ್ತಿ ಹೇಳಬಯಸುತ್ತೇನೆ. ಒಂದು ಎಚ್‌ಪಿ ಎಂದರೆ 746 ವ್ಯಾಟ್. ಓಡುವಾಗಿನ ಕರೆಂಟ್ ರಿಲೇಯ ಮಿತಿಯೊಳಗೇ ಇದ್ದರೂ, ಚಾಲೂ ಆಗುವ ಕ್ಷಣದಲ್ಲಿ ಇಂಡಕ್ಷನ್ ಮೋಟರ್ ಅದರ ಐದಾರು ಪಟ್ಟು ಎಳೆಯುತ್ತದೆ. ಸಂಪರ್ಕಗಳು ಬೆಸೆದುಕೊಂಡರೆ ‘ನಿಲ್ಲು’ ಎಂಬ ಆಜ್ಞೆಗೆ ಅರ್ಥವೇ ಉಳಿಯುವುದಿಲ್ಲ. ಸಣ್ಣ ರಿಲೇ ಕಾಂಟ್ಯಾಕ್ಟರಿನ ಕಾಯಿಲನ್ನು ಮಾತ್ರ ಆಳಬೇಕು, ಮೋಟರನ್ನು ಕಾಂಟ್ಯಾಕ್ಟರ್ ಆಳಬೇಕು. 230 ವೋಲ್ಟ್‌ನ ಈ ಭಾಗವನ್ನು ಪರವಾನಗಿ ಇರುವ ಎಲೆಕ್ಟ್ರಿಷಿಯನ್ ಒಬ್ಬರಿಂದಲೇ ಮಾಡಿಸಿದ್ದೇನೆ.

ಹಳೆಯ ಸ್ಟಾರ್ಟರ್ ಪೆಟ್ಟಿಗೆಯ ಹಸಿರು, ಕೆಂಪು ಗುಂಡಿಗಳು ಹಾಗೆಯೇ ಉಳಿದಿವೆ. ಅಮ್ಮ ಇಟ್ಟ ಷರತ್ತು ಅದೊಂದೇ: “ಫೋನು ಎಲ್ಲಿದೆ ಅಂತ ಹುಡುಕಿಕೊಂಡು ಮೋಟರ್ ಆರಿಸೋಕೆ ನನ್ನಿಂದ ಆಗಲ್ಲಪ್ಪ. ಕೆಂಪು ಗುಂಡಿ ಒತ್ತಿದರೆ ನಿಲ್ಲಬೇಕು.” ಇದು ವಯಸ್ಸಾದವರ ಹಟವಲ್ಲ, ಒಳ್ಳೆಯ ಎಂಜಿನಿಯರಿಂಗ್ ನಿಯಮ. ಕೆಂಪು ಗುಂಡಿಯೂ ಕಾಯಿಲ್‌ನೊಂದಿಗೆ ಸರಣಿಯಲ್ಲೇ ಇದೆ.

ಸಂಪು ಬರಿದಾದುದನ್ನು ತಿಳಿಯಲು ಮೋಟರಿನ ಕರೆಂಟನ್ನೇ ಅಳೆಯುತ್ತಿದ್ದೇನೆ. ಸೆಂಟ್ರಿಫ್ಯೂಗಲ್ ಪಂಪು ಎತ್ತಲು ನೀರಿಲ್ಲದಾಗ ಹೊರೆ ಇಳಿದು ಕಡಿಮೆ ಕರೆಂಟ್ ಎಳೆಯುತ್ತದೆ. ಎಸ್‌ಸಿಟಿ-013 ಎಂಬ ಕ್ಲಾಂಪನ್ನು ಫೇಸ್ ತಂತಿಯೊಂದರ ಸುತ್ತ ಮಾತ್ರ ಹಾಕಬೇಕು. ಫೇಸ್ ಮತ್ತು ನ್ಯೂಟ್ರಲ್ ಎರಡನ್ನೂ ಒಟ್ಟಿಗೆ ಹಿಡಿದರೆ ಎದುರು ದಿಕ್ಕಿನ ಕರೆಂಟ್‌ಗಳ ಕಾಂತಕ್ಷೇತ್ರಗಳು ಒಂದನ್ನೊಂದು ಅಳಿಸಿ ಅಳತೆ ಸೊನ್ನೆಯಾಗುತ್ತದೆ. ಚಾಲೂ ಆದ ಮೊದಲ ಕೆಲವು ಸೆಕೆಂಡುಗಳನ್ನು ಬಿಟ್ಟು, ಅನಂತರ ಕರೆಂಟ್ ನಿಗದಿತ ಮಟ್ಟಕ್ಕಿಂತ ಕೆಳಗಿಳಿದು ಅಲ್ಲೇ ನಿಂತರೆ ಮೋಟರಿನ ಪಕ್ಕದ ಇನ್ನೊಂದು ಬೋರ್ಡ್ ತಾನೇ ಮೋಟರ್ ನಿಲ್ಲಿಸುತ್ತದೆ. ಇದಕ್ಕಾಗಿ ಅದು ಯಾರನ್ನೂ ಕೇಳುವುದಿಲ್ಲ.

ಜೂನ್: ಸಂದೇಶಗಳು

ಬೋರ್ಡುಗಳು ಮನೆಯ ಸರ್ವರ್‌ನೊಂದಿಗೆ ಎಂಕ್ಯೂಟಿಟಿ ಎಂಬ ಸಂದೇಶ ಪದ್ಧತಿಯ ಮೂಲಕ ಮಾತನಾಡುತ್ತವೆ. ಆಂಡಿ ಸ್ಟ್ಯಾನ್‌ಫರ್ಡ್-ಕ್ಲಾರ್ಕ್ ಮತ್ತು ಆರ್ಲೆನ್ ನಿಪ್ಪರ್ ಇದನ್ನು 1999ರಲ್ಲಿ ರೂಪಿಸಿದ್ದು ದೂರದ ತೈಲ ಕೊಳವೆಗಳನ್ನು ಉಪಗ್ರಹ ಸಂಪರ್ಕದ ಮೂಲಕ ಗಮನಿಸುವುದಕ್ಕಾಗಿ. ಕಡಿಮೆ ಬೈಟುಗಳಲ್ಲಿ, ಆಗಾಗ ತುಂಡಾಗುವ ಸಂಪರ್ಕದಲ್ಲಿ ಕೆಲಸ ಮಾಡಬೇಕೆಂಬ ಅಂದಿನ ಅಗತ್ಯವೇ ಕಾಂಕ್ರೀಟ್ ಛಾವಣಿ ದಾಟಿ ಬರುವ ನಮ್ಮ ಮಂದ ವೈಫೈಗೂ ಒಗ್ಗುತ್ತದೆ. ಇದರಲ್ಲಿ ಪ್ರತಿ ಸಂದೇಶಕ್ಕೂ ಇರುವ ವಿಷಯನಾಮ ಎಲ್ಲ ಲಿಪಿಗಳನ್ನೂ ಬರೆಯಬಲ್ಲ ಯುಟಿಎಫ್-8 ಅಕ್ಷರಗಳನ್ನು ಒಪ್ಪುವುದರಿಂದ ನಮ್ಮ ಮನೆಯ ಸಂದೇಶಗಳು ‘ಮನೆ/ತೊಟ್ಟಿ/ಮಟ್ಟ’, ‘ಮನೆ/ಮೋಟರ್/ಸ್ಥಿತಿ’ ಎಂದು ಕನ್ನಡದಲ್ಲೇ ಓಡಾಡುತ್ತಿವೆ. ನನಗೆ ಇದರಿಂದ ಆಗಿರುವ ಸಂತೋಷ ಸಣ್ಣದಲ್ಲ.

ಇಲ್ಲಿ ಎಚ್ಚರ ಬೇಕಾದ ಒಂದು ಸೂಕ್ಷ್ಮವಿದೆ. ಸಂದೇಶವೊಂದನ್ನು ಉಳಿಸಿಕೋ ಎಂದು ಗುರುತು ಮಾಡಿ ಕಳಿಸಿದರೆ, ಮಧ್ಯವರ್ತಿ ಸರ್ವರ್ ಅದನ್ನು ಇಟ್ಟುಕೊಂಡು, ಹೊಸದಾಗಿ ಸೇರಿದವರಿಗೆಲ್ಲ ಕೂಡಲೇ ತಲುಪಿಸುತ್ತದೆ. ತೊಟ್ಟಿಯ ಮಟ್ಟಕ್ಕೆ ಇದು ವರದಾನ: ಪರದೆ ಹೊತ್ತಿಕೊಂಡೊಡನೆ ಕೊನೆಯ ಅಳತೆ ಕಾಣುತ್ತದೆ. ಆದರೆ ಮೋಟರ್ ಹಾಕು ಎಂಬ ಆಜ್ಞೆಗೆ ಇದೇ ಗುರುತು ಬಿದ್ದರೆ, ಕರೆಂಟ್ ಹೋಗಿ ಮರಳಿದಾಗಲೆಲ್ಲ ಎಂದೋ ಕೊಟ್ಟ ಆಜ್ಞೆ ಮತ್ತೆ ಬಂದು ಮೋಟರ್ ತಾನಾಗಿ ಓಡತೊಡಗುತ್ತದೆ. ಹಳೆಯ ಸ್ಟಾರ್ಟರ್ ಕರೆಂಟ್ ಹೋದೊಡನೆ ಬಿಟ್ಟುಕೊಂಡು, ಮತ್ತೆ ಗುಂಡಿ ಒತ್ತುವವರೆಗೆ ಕಾಯುತ್ತಿತ್ತು. ಆ ವಿವೇಕವನ್ನು ಹೊಸ ವ್ಯವಸ್ಥೆ ಕಳೆದುಕೊಳ್ಳಬಾರದು. ಹಾಗಾಗಿ ಸ್ಥಿತಿಗಳಿಗೆ ಮಾತ್ರ ಆ ಗುರುತು, ಆಜ್ಞೆಗಳಿಗೆ ಎಂದಿಗೂ ಇಲ್ಲ. ಆಜ್ಞೆಯೊಂದಿಗೆ ಸಮಯವೂ ಬರುತ್ತದೆ, ಅದು ಹಳಸಿದ್ದರೆ ಬೋರ್ಡ್ ಅದನ್ನು ತಿರಸ್ಕರಿಸುತ್ತದೆ.

ತೊಟ್ಟಿಯ ಬೋರ್ಡ್ ಮೋಟರಿನ ಬೋರ್ಡಿಗೆ ಮಟ್ಟವನ್ನು ಇಎಸ್‌ಪಿ-ನೌ ಎಂಬ ವಿಧಾನದಲ್ಲಿ ನೇರವಾಗಿಯೂ ಕಳಿಸುತ್ತದೆ. ಒಂದು ಸಂದೇಶದಲ್ಲಿ 250 ಬೈಟು ಹಿಡಿಯುತ್ತದೆ, ನಮಗೆ ಅಷ್ಟು ಸಾಕು. ನಡುವೆ ರೌಟರ್ ಬೇಕಿಲ್ಲ. ಎರಡೂ ಬೋರ್ಡುಗಳು ಒಂದೇ ವೈಫೈ ಚಾನೆಲ್‌ನಲ್ಲಿರಬೇಕಾದ್ದರಿಂದ ರೌಟರ್ ತನ್ನಿಷ್ಟದಂತೆ ಚಾನೆಲ್ ಬದಲಿಸದಂತೆ 6ಕ್ಕೆ ಕಟ್ಟಿಹಾಕಿದ್ದೇನೆ.

ಭದ್ರತೆಯ ವಿಷಯ ಚಿಕ್ಕದಾಗಿ: ಈ ಸಾಧನಗಳೆಲ್ಲ ಮನೆಯ ಫೋನು, ಲ್ಯಾಪ್‌ಟಾಪ್‌ಗಳಿಂದ ಬೇರೆಯಾದ ಜಾಲದಲ್ಲಿವೆ, ಅವುಗಳಿಗೆ ಇಂಟರ್‌ನೆಟ್ ದಾರಿಯೇ ಇಲ್ಲ, ಮತ್ತು ಪ್ರತಿ ಬೋರ್ಡಿಗೂ ಅದರದೇ ಪಾಸ್‌ವರ್ಡ್ ಇದೆ. 2016ರಲ್ಲಿ ಮಿರಾಯ್ ಎಂಬ ಕುತಂತ್ರಾಂಶ ಲಕ್ಷಾಂತರ ಕ್ಯಾಮೆರಾ ಮತ್ತು ರೌಟರ್‌ಗಳನ್ನು ವಶಪಡಿಸಿಕೊಂಡದ್ದು ಕಾರ್ಖಾನೆಯಿಂದಲೇ ಬಂದ ಪಾಸ್‌ವರ್ಡ್‌ಗಳ ಸಣ್ಣ ಪಟ್ಟಿಯೊಂದರಿಂದ. ಬ್ರಿಟನ್ ಅಂಥ ಊಹಿಸಬಹುದಾದ ಪಾಸ್‌ವರ್ಡ್‌ಗಳನ್ನು 2024ರ ಏಪ್ರಿಲ್ 29ರಿಂದ ಕಾನೂನಿನ ಮೂಲಕ ನಿಷೇಧಿಸಿದೆ. ನಮ್ಮಲ್ಲಿಯೂ ಅಂಥ ಕಾನೂನು ಬರಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ಇನ್ನು ಮುಂದೆ

ರೌಟರ್ ಆರಿಸಿ (ಅದರೊಂದಿಗೆ ಇಂಟರ್‌ನೆಟ್ಟೂ ಹೋಗುತ್ತದೆ), ಸರ್ವರ್ ಆರಿಸಿ, ಕೊನೆಗೆ ಮೋಟರಿನ ಬೋರ್ಡನ್ನು ಕಿತ್ತು ಹಸಿರು ಗುಂಡಿಯಿಂದ ಮೋಟರ್ ಚಾಲೂ ಮಾಡಿ ಪರೀಕ್ಷಿಸಿದ್ದೇನೆ. ನಾಲ್ಕೂ ಸಂದರ್ಭಗಳಲ್ಲಿ ತೊಟ್ಟಿ ತುಂಬಿದೊಡನೆ ಮೋಟರ್ ನಿಂತಿದೆ. ಬೋರ್ಡ್ ಇಲ್ಲದಾಗ ಸಂಪು ಬರಿದಾಗುವುದರ ಕಾವಲು ಮಾತ್ರ ಇರುವುದಿಲ್ಲ. ಅದಕ್ಕಾಗಿ ಸಂಪಿನ ತಳದಲ್ಲೂ ಫ್ಲೋಟ್ ಸ್ವಿಚ್ ಇಳಿಸಿ ಅದೇ ಸರಣಿಗೆ ಸೇರಿಸುವುದು ಮುಂದಿನ ಕೆಲಸ. ಅದು ಮುಗಿದ ಮೇಲೆ, ಬೇರೆ ಬೇರೆ ಕಂಪನಿಗಳ ಗೃಹ ಸಾಧನಗಳು ಪರಸ್ಪರ ಮಾತನಾಡಲೆಂದು 2022ರ ಅಕ್ಟೋಬರ್‌ನಲ್ಲಿ ಹೊರಬಂದ ಮ್ಯಾಟರ್ ಮಾನದಂಡದಲ್ಲಿ ಪಂಪಿಗೆಂದೇ ಇರುವ ಸಾಧನ ವರ್ಗವನ್ನು ಇಎಸ್‌ಪಿ32ರ ಮೇಲೆ ಬರೆಯಲು ತೊಡಗುತ್ತೇನೆ. ಹಾಗಾದರೆ ನನ್ನ ಸರ್ವರ್ ಇಲ್ಲದ ಮನೆಯಲ್ಲೂ, ಬೇರೆ ಯಾರ ಪರದೆಯಲ್ಲಾದರೂ, ಈ ಮೋಟರ್ ತನ್ನ ಸ್ಥಿತಿಯನ್ನು ತಿಳಿಸುವಂತಾಗಬೇಕು. ಸರ್ಕಿಟ್ ನಕ್ಷೆ ಮತ್ತು ಪ್ರೋಗ್ರಾಮನ್ನು ಸಂಪಿನ ಸ್ವಿಚ್ಚಿನ ಪರೀಕ್ಷೆಯಾದ ಮೇಲಷ್ಟೇ ಹಂಚುತ್ತೇನೆ. ಆ ಕಾವಲಿಲ್ಲದ ನಕ್ಷೆಯನ್ನು ನೋಡಿ ಯಾರೂ ಮೋಟರ್ ಜೋಡಿಸಿಕೊಳ್ಳಬಾರದು.