ಹೂಮಳೆ ಮುಗಿದ ಮೇಲೆ ಒಂದು ಸೂಜಿ

ನಾನಿರುವ ಇಂಗ್ಲೆಂಡಿನಲ್ಲಿ ಸೆಪ್ಟೆಂಬರ್ ಬಂತು ಅಂದರೆ ಫ್ಲೂ ಲಸಿಕೆಯ ಮಾತು ಶುರು. ಮೊದಲು ಮಕ್ಕಳಿಗೆ, ಗರ್ಭಿಣಿಯರಿಗೆ. ಅಕ್ಟೋಬರ್‌ನಿಂದ 65 ದಾಟಿದವರಿಗೆ, ಸಕ್ಕರೆ ಕಾಯಿಲೆ, ಹೃದಯದ ತೊಂದರೆ ಇರುವವರಿಗೆ. ಇವರಿಗೆಲ್ಲ ಫ್ರೀ. ನನ್ನಂಥ ಗಟ್ಟಿಮುಟ್ಟಾದವರು ದುಡ್ಡು ಕೊಡಬೇಕು. ಅದಕ್ಕೆ ಆಸ್ಪತ್ರೆಗೇ ಹೋಗಬೇಕೆಂದಿಲ್ಲ. ಶಾಂಪೂ, ಕೆಮ್ಮಿನ ಸಿರಪ್ ಮಾರುವ ಮೆಡಿಕಲ್ ಶಾಪಿನ ಹಿಂದುಗಡೆ ಒಂದು ಪುಟ್ಟ ಕೋಣೆ, ಎರಡು ಕುರ್ಚಿ. ಈಗ ಜ್ವರ ಇದೆಯಾ, ಅಲರ್ಜಿ ಇದೆಯಾ ಅಂತ ಕೇಳಿ ಫಾರ್ಮಸಿಸ್ಟೇ ಚುಚ್ಚಿ ಕಳಿಸುತ್ತಾರೆ. ರಾತ್ರಿ ತೋಳು ಸ್ವಲ್ಪ ನೋಯುತ್ತದೆ, ಅಷ್ಟೆ.

ಮಕ್ಕಳಿಗೆ ಶಾಲೆಯಲ್ಲೇ ಮೂಗಿಗೆ ಸ್ಪ್ರೇ ಹಾಕುತ್ತಾರೆ. ಅದರಲ್ಲಿ ಹಂದಿಯ ಜೆಲಟಿನ್ ಇರುತ್ತದೆ. ನಮ್ಮದು ಕೊಡಗಿನ ಶನಿವಾರಸಂತೆ ಕಡೆಯ ಸಸ್ಯಾಹಾರಿ ಮನೆ. ಸ್ಪ್ರೇ ಬೇಡ ಅಂದವರಿಗೆ ಸೂಜಿ ಇದೆ, ಮಗಳಿಗೆ ಅದನ್ನೇ ಕೇಳಿದೆವು. ವಿರಾಜಪೇಟೆಯ ಗೆಳೆಯ ಬಿದ್ದು ಬಿದ್ದು ನಕ್ಕ. "ಪಂದಿಕರಿ, ಅದೇ ಹಂದಿ ಸಾರು, ಇಲ್ಲದೆ ನಮಗೆ ಹಬ್ಬವೇ ಇಲ್ಲ ಮಾರಾಯ, ನೀನು ಮೂಗಿಗೆ ಹಾಕೋ ಹನಿಗೆ ಹೆದರ್ತೀಯಲ್ಲ!"

ಇದನ್ನೆಲ್ಲ ಫೋನಿನಲ್ಲಿ ಹೇಳಿದರೆ ಅಪ್ಪನದು ಒಂದೇ ಪ್ರಶ್ನೆ. "ಪ್ರತಿ ವರ್ಷ ಯಾಕೆ ಹಾಕಿಸಬೇಕು?" ವೈರಸ್ ವೇಷ ಬದಲಿಸುತ್ತಲೇ ಇರುತ್ತದೆ. ಹಾಗಾಗಿ ವಿಶ್ವ ಆರೋಗ್ಯ ಸಂಸ್ಥೆ ವರ್ಷಕ್ಕೆ ಎರಡು ಸಲ, ಫೆಬ್ರವರಿಯಲ್ಲಿ ಉತ್ತರ ಗೋಳಾರ್ಧಕ್ಕೆ, ಸೆಪ್ಟೆಂಬರ್‌ನಲ್ಲಿ ದಕ್ಷಿಣ ಗೋಳಾರ್ಧಕ್ಕೆ, ಲಸಿಕೆಯಲ್ಲಿ ಏನಿರಬೇಕು ಅಂತ ಹೇಳುತ್ತದೆ. ಹಳೇ ಲಸಿಕೆಯ ಬಲವೂ ತಿಂಗಳು ಕಳೆದಂತೆ ಇಳಿಯುತ್ತದೆ.

ಊರಿನವರಿಗೆ ನಾನು ಹೇಳಬೇಕಾದ್ದು ಇಷ್ಟೆ: ಇಲ್ಲಿನ ಅಕ್ಟೋಬರ್ ನೋಡಿ ಅಲ್ಲಿ ಹಾಕಿಸಿಕೊಳ್ಳಬೇಡಿ. ಇಲ್ಲಿ ಫ್ಲೂ ಬರುವುದು ಚಳಿಗೆ. ನಮ್ಮ ಕಡೆ ಅದರ ದೊಡ್ಡ ಸುಗ್ಗಿ ಮಳೆಗಾಲ. ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಕಿಟಕಿ ಬಾಗಿಲು ಮುಚ್ಚಿ, ಒಲೆಯ ಸುತ್ತ ಎಲ್ಲರೂ ಕೂತಿರುತ್ತೇವೆ ಅಲ್ವಾ, ಒಬ್ಬರು ಕೆಮ್ಮಿದರೆ ಮನೆಗೆಲ್ಲ ಬರುತ್ತದೆ. ತೋಟದ ಕೆಲಸಗಾರರ ಸಾಲು ಮನೆಗಳಾದ ಲೈನ್ ಮನೆಗಳಲ್ಲಿ, ಆಳುಗಳನ್ನು ತುಂಬಿಕೊಂಡು ಹೋಗುವ ಜೀಪುಗಳಲ್ಲಿ ಕೇಳುವುದೇ ಬೇಡ. ಲಸಿಕೆ ಕೆಲಸ ಶುರು ಮಾಡಲು ಸುಮಾರು 2 ವಾರ ಬೇಕು. ಕಾಫಿ ಗಿಡ ಹೂ ಬಿಡಲು ಬೇಕಾದ ಹೂಮಳೆ ಬಿದ್ದು ಮುಗಿದ ಮೇಲೆ, ಏಪ್ರಿಲ್ ಮೇ ಹೊತ್ತಿಗೆ, ಡಾಕ್ಟರನ್ನು ಕೇಳಿ ಹಾಕಿಸಿಕೊಂಡರೆ ಸರಿ.

ಮಳೆಗಾಲದ ಆಟಿ ತಿಂಗಳಲ್ಲಿ ಔಷಧಿ ಅಂತ ತಿನ್ನುವ ಮದ್ದುಸೊಪ್ಪಿನ ಪಾಯಸ ಬಿಡಿ ಅನ್ನಲ್ಲ. ಆ ನೇರಳೆ ಬಣ್ಣ ನೆನೆದರೆ ಇಲ್ಲೇ ಬಾಯಲ್ಲಿ ನೀರು. ಆದರೆ ಫ್ಲೂಗೆ ಅದನ್ನೇ ನಂಬಿ ಕೂರಬೇಡಿ. ಅದನ್ನು ಮಾಡುವುದೇ ಆಗಸ್ಟ್ 3ರ ಹೊತ್ತಿಗೆ, ಅಷ್ಟರಲ್ಲಿ ಅರ್ಧ ಮಳೆ ಹೊಯ್ದಾಗಿರುತ್ತದೆ. ಇನ್ನು ಜ್ವರ ಬಂದ ಕೂಡಲೇ ಮೆಡಿಕಲ್‌ನಲ್ಲಿ ಆ್ಯಂಟಿಬಯೋಟಿಕ್ ಕೇಳುವ ಅಭ್ಯಾಸ. ಫ್ಲೂ ವೈರಸ್‌ಗೆ ಅದು ಏನೂ ಮಾಡುವುದಿಲ್ಲ. ವಯಸ್ಸಾದವರಿಗೆ, ಸಕ್ಕರೆ ಕಾಯಿಲೆಯವರಿಗೆ ಮೈಕೈ ನೋವಿನ ಜೋರು ಜ್ವರ ಬಂದರೆ ಬೇಗ ಡಾಕ್ಟರ ಹತ್ತಿರ ಹೋಗಬೇಕು. ಫ್ಲೂಗೆ ಕೊಡುವ ಒಸೆಲ್ಟಾಮಿವಿರ್ ಮೊದಲ 48 ಗಂಟೆಯೊಳಗೆ ಶುರುವಾದರೆ ಪ್ರಯೋಜನ ಜಾಸ್ತಿ.

ನಮ್ಮ ದೇಶದ ಉಚಿತ ಲಸಿಕೆಗಳ ಪಟ್ಟಿಯಲ್ಲಿ ಫ್ಲೂ ಸೇರಿಲ್ಲ, ಸಾಮಾನ್ಯವಾಗಿ ನಮ್ಮ ಕೈಯಿಂದಲೇ ದುಡ್ಡು ಕೊಡಬೇಕು. ಅಮ್ಮ ಹಾಕಿಸಿಕೊಳ್ಳಲು ಒಪ್ಪಿದ್ದಾರೆ. "ಲೈನ್ ಮನೆಯವರಿಗೆ ಯಾರು ಕೊಡ್ತಾರೆ?" ಅಂತಲೂ ಕೇಳಿದರು. ತೋಟದವರೇ ಕೊಡಬೇಕು ಅಂದೆ. ಅಪ್ಪ ಕರಿಮೆಣಸಿನ ರೇಟಿನ ಮಾತು ತೆಗೆದರು.